ಹೆಣದ ವೇಷ ಕಳಚುವ ನಗು

ಟಿವಿಯ ಅಪರಾಧ ಧಾರಾವಾಹಿಗಳ ನಿರೂಪಕನ ದನಿ ತೆಗೆಯುವುದರಲ್ಲಿ ಹೊಸಪೇಟೆಯಲ್ಲಿ ನನ್ನನ್ನು ಮೀರಿಸುವವರಿಲ್ಲ. ಚಹಾದಂಗಡಿಯಲ್ಲಿ ನಿಂತು, ‘ಅವತ್ತು ಮನೆಯಿಂದ ಹೊರಟಾಗ ಅವನಿಗೆ ಗೊತ್ತಿರಲಿಲ್ಲ...’ ಎಂದರೆ ಆಟೋದವರು ಗ್ಲಾಸು ಕೆಳಗಿಡುತ್ತಿದ್ದರು. ‘...ಅಂಗಡಿಯಲ್ಲಿ ಸಕ್ಕರೆ ಮುಗಿದಿದೆಯೆಂದು’ ಎಂದು ಮುಗಿಸಿ ಬೈಸಿಕೊಳ್ಳುತ್ತಿದ್ದೆ.

ಅಂಥದೇ ಒಂದು ಧಾರಾವಾಹಿಯವರು ಚಿತ್ರೀಕರಣಕ್ಕೆ ಕಂಪ್ಲಿಯ ಕಾಲುವೆಗೆ ಬಂದರು. ಅಲ್ಲಿ ಯಾರೋ ತಳ್ಳಿ ಕೊಂದಿದ್ದ ಯುವಕನೊಬ್ಬನ ಕಥೆ. ಮೈಕಟ್ಟು ಹೊಂದುತ್ತದೆಂದು ಹೆಣದ ಪಾತ್ರ ನನಗೆ ಸಿಕ್ಕಿತು.

“ಹೆಣಕ್ಕ ಮಾತಿರಂಗಿಲ್ಲಲೇ,” ಎಂದ ಗೆಳೆಯ. “ಒಂದಿನಾರ ಊರು ತಣ್ಣಗಿರಲಿ ಅಂತ ನಿನ್ನ ಹುಡುಕಿ ಕರದಾರ.”

ಧಾರಾವಾಹಿಯವರು ಸತ್ತವನ ಹೆಸರು ಬದಲಿಸಿದ್ದರು, ಊರು ಬದಲಿಸಿದ್ದರು. ಅಂಗಿಯನ್ನು ಮಾತ್ರ ಅವನ ಮನೆಯವರನ್ನೇ ಕೇಳಿ, ಅಂಥದೇ ಹಳದಿ ಚೌಕಳಿಯದನ್ನು ತಂದಿದ್ದರು. ಅದನ್ನು ತೊಟ್ಟು, ತುಟಿಗೆ ನೀಲಿ ಬಳಿಸಿಕೊಂಡು ಏರಿಯ ಮೇಲೆ ಕೂತಿದ್ದೆ. ಗದ್ದೆಯ ಕಡೆಯಿಂದ ಬಂದ ಮುದುಕಿಯೊಬ್ಬಳು ನೆಟ್ಟಗೆ ನನ್ನ ಮುಂದೆ ನಿಂತಳು. ಸತ್ತವನ ತಾಯಿ.

“ಮೈ ತೋರಸ್ರಿ, ಮಾರಿ ಬ್ಯಾಡ. ಮೊಮ್ಮಗ ಟಿವಿ ನೋಡ್ತಾನ. ಅವರಪ್ಪನ ಮಾರಿ ಹಿಂಗ ನೋಡಬಾರ್ದು.”

“ಇದು ನನ್ನ ಮಾರಿಬೇ. ದಿನಾ ಹಿಂಗ ಇರ್ತೈತಿ.”

ಅವಳು ನಗಲಿಲ್ಲ. “ಕೂಸಿಗೇನ್ ಗೊತ್ತಾಗ್ತೈತಿ? ಅಂಗಿ ಅವಂದು.”

ನಿರ್ದೇಶಕರಿಗೆ ಹೇಳಿದೆ. “ಮುಖ ಕಾಣದಿದ್ದರೆ ಜನ ಚಾನೆಲ್ ಬದಲಿಸ್ತಾರೆ. ನಾವು ಸೂಕ್ಷ್ಮವಾಗೇ ತೋರಿಸ್ತೀವಿ,” ಎಂದರು. ಅವರ ಸೂಕ್ಷ್ಮವೆಂದರೆ ಆಮೇಲೆ ಸೇರಿಸುವ ಕೊಳಲು.

ನೀರಿನಲ್ಲಿ ಅಂಗಾತ ಮಲಗಿದೆ. ಕ್ಯಾಮೆರಾ ಹತ್ತಿರ ಬಂದಾಗಲೆಲ್ಲ ಮೆಲ್ಲಗೆ ಬೋರಲಾದೆ.

“ಏನಯ್ಯಾ ಇದು?”

“ನೀರು ಹೊಳ್ಳಿಸ್ತೈತಿ ಸರ್.”

ಬೆಳಕು ಇಳಿಯುತ್ತ ಬಂತು. ಕೊನೆಗೆ ಬೇಸತ್ತು ಬೆನ್ನನ್ನೇ ಚಿತ್ರಿಸಿಕೊಂಡರು. ಏರಿಯ ಮೇಲೆ ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಚಿತ್ರೀಕರಣದ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಹೆಣವಾದವನು ಮನೆಗೆ ಹೋಗುವ ಮುಂಚೆ ಕ್ಯಾಮೆರಾ ನೋಡಿ ಒಮ್ಮೆ ನಗಬೇಕು. ನಗದಿದ್ದರೆ ಪಾತ್ರ ಮೈಯಲ್ಲೇ ಉಳಿಯುತ್ತದಂತೆ. ಎದ್ದು ನಿಂತೆ. ಅಣಕಿಸಿ ಅಣಕಿಸಿ ಕಲಿತ ಅರ್ಧ ಊರಿನ ನಗೆಗಳು ನನ್ನ ಹತ್ತಿರ ಇವೆ; ನನ್ನದೇ ಎಂಬುದೊಂದು ಬೇಕೆಂದಾಗ ಸಿಗಲಿಲ್ಲ. ತಡಕಾಡುತ್ತಿರುವಾಗ ಎಡತುಟಿಯಷ್ಟೇ ಮೇಲೆದ್ದು, ಏನನ್ನೋ ಬಚ್ಚಿಟ್ಟುಕೊಂಡಂಥ ನಗೆಯೊಂದು ತಾನಾಗಿಯೇ ಬಂತು.

ಮುದುಕಿ ಎದ್ದು ನಿಂತಳು.

“ನನ್ನ ಮಗನ್ನ ಎಲ್ಲಿ ನೋಡಿದ್ದಿ ನೀನು?”

“ನೋಡಿಲ್ಲಬೇ. ಫೋಟೋನೂ ನೋಡಿಲ್ಲ.”

“ಮತ್ತ ಆ ನಗಿ ಎಲ್ಲಿಂದ ತಂದಿ?”

ಅವಳು ಹತ್ತಿರ ಬಂದು, ನನ್ನ ತುಟಿಯ ನೀಲಿಯನ್ನು ಸೆರಗಿನಿಂದ ಒರೆಸಿ, ಗದ್ದೆಯ ಬದುವಿನಲ್ಲಿ ಹೊರಟುಹೋದಳು.

ಕಂತು ಪ್ರಸಾರವಾದಾಗ ಮನೆಯಲ್ಲಿ ಎಲ್ಲರೂ ಕೂತು ನೋಡಿದೆವು. ನೀರಿನಲ್ಲಿ ಹಳದಿ ಬೆನ್ನು ಮಾತ್ರ. ಕೊಳಲೂ ಇತ್ತು. ‘ನನ್ನ ಬೆನ್ನು ಮಸ್ತ್ ನಟನೆ ಮಾಡೈತಿ’ ಎಂದು ನಾನೇ ನಕ್ಕೆ.

ಪಕ್ಕದಲ್ಲಿದ್ದ ಅವ್ವ ಟಿವಿ ಬಿಟ್ಟು ನನ್ನ ಕಡೆ ತಿರುಗಿದಳು. ನಾನು ಯಾರ ನಗೆ ನಕ್ಕರೂ ಗುರುತು ಹಿಡಿಯುವವಳು ಅವಳು.

“ಇದ್ಯಾರ್ದು ನಗಿ?” ಎಂದಳು. “ನಮ್ಮೂರಾಗ ಯಾರ್ದೂ ಹಿಂಗಿಲ್ಲ.”