ಆಯುಧಪೂಜೆಗೆ ತೊಳೆದ ತೋಟಾಗಳು

ನಾಗಮಂಗಲದ ಕಂಚುಗಾರ ಪುಟ್ಟಾಚಾರ್ ಅವರ ಹಿರಿಯ ಮಗಳು, ದಿವಂಗತ ಮಹದೇವಾಚಾರ್ ಅವರ ಧರ್ಮಪತ್ನಿ ದೇವಮ್ಮನವರು ನ್ಯೂಜೆರ್ಸಿಯ ಓಲ್ಡ್ ಬ್ರಿಡ್ಜಿನಲ್ಲಿ ತೀರಿಕೊಂಡಾಗ ಅವರಿಗೆ ಎಪ್ಪತ್ತೊಂದು ವರ್ಷ. ಮಗಳು ನಳಿನಾಕ್ಷಿ, ಅಳಿಯ ಅರವಿಂದ್, ಮೊಮ್ಮಗಳು ನಿಧಿ. ಸಂಸಾರ ಇಷ್ಟೇ. ಬೇಲಿಯ ಆಚೆ ಇನ್ನೊಂದು ನಂಟಿತ್ತು. ಅದಕ್ಕೆ ಯಾವ ಹೆಸರಿಡಬೇಕೆಂದು ನಳಿನಾಕ್ಷಿಗೆ ಇಂದಿಗೂ ತಿಳಿದಿಲ್ಲ.

ಆ ನಂಟು ಶುರುವಾದದ್ದು ಕಂಪ್ಯೂಟರುಗಳೆಲ್ಲ ಎರಡು ಸಾವಿರದ ಇಸವಿಗೆ ಹೆದರಿ ಕುಳಿತಿದ್ದ ಕಾಲದಲ್ಲಿ. ನಳಿನಾಕ್ಷಿ ಎಡಿಸನ್ನಿಗೆ, ಅರವಿಂದ್ ಮಾರಿಸ್‌ಟೌನಿಗೆ ಬೆಳಗಾಗುತ್ತಲೇ ಕೆಲಸಕ್ಕೆಂದು ಡ್ರೈವ್ ಮಾಡಿಕೊಂಡು ಹೊರಟು, ನಿಧಿಯೂ ಶಾಲೆಗೆ ಹೋದರೆ ಮನೆಯಲ್ಲಿ ದೇವಮ್ಮನವರೊಬ್ಬರೇ. ಒಂದು ದಿನ ಪಕ್ಕದ ಮನೆಯ ಗರಾಜಿನಲ್ಲಿ ಯಾರೋ ಬಕೀಟಿಗೆ ಏನನ್ನೋ ಸುರಿದ ಸದ್ದಾಯಿತು. ಹಿತ್ತಾಳೆಯ ಸದ್ದು ಅವರಿಗೆ ತವರಿನ ಸದ್ದು. ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟೇಬಿಟ್ಟರು.

ಅಲ್ಲಿದ್ದವರು ವಾಲ್ಟರ್ ನೋವಾಕ್, ಹೆಂಡತಿಯನ್ನು ಕಳೆದುಕೊಂಡ ನಿವೃತ್ತ ಬಡಗಿ. ಕ್ಲಬ್ಬಿನ ಮೈದಾನದಲ್ಲಿ ಕಾಗದದ ಗುರಿಗೆ ಗುಂಡು ಹೊಡೆಯುವುದು ಅವರ ಹವ್ಯಾಸ. ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆಯ ಖಾಲಿ ತೋಟಾಗಳನ್ನು ಅವರು ಎಸೆಯುತ್ತಿರಲಿಲ್ಲ. ತೊಳೆದು, ಹೊಳಪು ಕೊಟ್ಟು, ಮತ್ತೆ ಮದ್ದು ತುಂಬುತ್ತಿದ್ದರು. ಆದರೆ ಸಂಧಿವಾತದಿಂದ ಬೆರಳು ಮಡಿಸಲಾಗದೆ ತೋಟಾ ಕೈಜಾರಿ ಬೀಳುತ್ತಿತ್ತು. ದೇವಮ್ಮನವರು ಬಿದ್ದದ್ದನ್ನು ಎತ್ತಿಕೊಂಡರು, ಸೆರಗಿನಲ್ಲಿ ಒರೆಸಿದರು, ಪಕ್ಕದ ಸ್ಟೂಲಿನ ಮೇಲೆ ಕುಳಿತರು. ಅಂದಿನಿಂದ ಆ ಸ್ಟೂಲು ಅವರದಾಯಿತು.

ಮಗಳಿಗೆ ಇದು ಹಿಡಿಸಲಿಲ್ಲ. ಬಂದೂಕಿನ ಮನೆಗೆ ಹೋಗುವುದೆಂದರೇನು ಎಂದು ಆಕ್ಷೇಪಿಸಿದಳು. ತಾಯಿ ಅಂಗೈ ಬಿಚ್ಚಿ ಒಂದು ತೋಟಾ ತೋರಿಸಿದರು.

"ಇದು ಹತ್ತು ಸಲ ಬೆಂಕಿ ಒಳಿಕ್ಕೋಗಿ ಬಂದೈತೆ ಕಣೇ. ಮಸಿ ತೊಳದ್ರೆ ಹನ್ನೊಂದ್ನೇ ಸಲಕ್ಕೂ ತಯಾರು. ನೀನೂ ನಾನೂ ಆಯ್ತೀವಾ ಹಂಗೆ?"

ನಳಿನಾಕ್ಷಿ ಒಮ್ಮೆ ಹೋಗಿ ನೋಡಿದಳು. ವಾಲ್ಟರ್ ಮದ್ದಿಗೆ ಕಿಡಿ ಕೊಟ್ಟು ಸುಟ್ಟುಹೋದ ಕೇಪನ್ನು ತಳದಿಂದ ಹೊರದೂಡಿ ಕೊಡುವರು. ತಾಯಿ ಸೋಪುನೀರಿನಲ್ಲಿ ತೊಳೆದು, ಒಣಗಿಸಿ, ಅಕ್ರೋಟಿನ ಚಿಪ್ಪಿನ ಪುಡಿ ತುಂಬಿದ, ಗಡಗಡನೆ ಅಲುಗಾಡುವ ಯಂತ್ರಕ್ಕೆ ಹಾಕುವರು. ಹೊರತೆಗೆದ ಪ್ರತಿಯೊಂದರ ಬಾಯಿಯ ಸುತ್ತ ಉಗುರು ಆಡಿಸಿ ಬಿರುಕು ಹುಡುಕುವರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು, ಕೆಲಸ ಮಾತ್ರ ಎಲ್ಲಿಯೂ ನಿಲ್ಲದು. ಗುಡಿಯೊಳಗೆ ನಿಂತಂತೆ ಅವಳು ಬಾಗಿಲಲ್ಲೇ ನಿಂತಿದ್ದಳು.

ದಸರೆಯ ಹೊತ್ತಿಗೆ ವಾಲ್ಟರ್ ತೊಳೆಯಲೆಂದು ದೇವಮ್ಮನವರಿಗೆ ಒಂದು ಪೆಟ್ಟಿಗೆ ಕೊಟ್ಟರು. ಕ್ಲಬ್ಬಿನ ವಾರ್ಷಿಕ ಸ್ಪರ್ಧೆಗೆಂದೇ ಕಾದಿಟ್ಟ ಖಾಲಿ ತೋಟಾಗಳು, ಎಲ್ಲವೂ ಒಂದೇ ಎರಕದ ಕೂಸುಗಳಂತೆ ಸಮಸಮ. ಹಾಗಿದ್ದರೆ ಮಾತ್ರ ಗುಂಡು ಒಂದೇ ದಾರಿಯಲ್ಲಿ ಹೋದೀತು. ವಾಲ್ಟರ್ ಅವರ ಕಣ್ಣಿಗೆ ಪೊರೆ ಕವಿಯುತ್ತಿತ್ತು. ಬರುವ ಭಾನುವಾರದ ಸ್ಪರ್ಧೆಯೇ ಕೊನೆಯದೆಂದು ನಳಿನಾಕ್ಷಿಗೆ ಹೇಳಿ, ತಾಯಿಗೂ ತಿಳಿಸಲು ಕೋರಿದರು. ಈ ಪೆಟ್ಟಿಗೆಯನ್ನು ಅವರು ಬೇರೆಯವರ ಕೈಗೆ ಕೊಟ್ಟದ್ದು ಅದೇ ಮೊದಲು.

ಅದು ಆಯುಧಪೂಜೆಯ ಹಿಂದಿನ ದಿನ. ದೇವಮ್ಮನವರು ಪೆಟ್ಟಿಗೆಯನ್ನು ಮನೆಗೆ ತಂದರು. ಅರವಿಂದ್ ನಕ್ಕ. "ಅತ್ತೆ, ಗನ್ ಲೈಸೆನ್ಸಿಗೂ ಅಪ್ಲೈ ಮಾಡಿಬಿಡ್ಲಾ?"

"ಮೊದ್ಲು ನಿಮ್ ಕಾರು ತೊಳ್ಕಳಿ ಅಳಿಯಂದ್ರೆ. ಕೊಚ್ಚೆ ಗಾಡಿಗೆ ಕುಂಕುಮ ಇಡಕ್ಕಾಯ್ತದಾ?"

ಆಯುಧವೆಂದ ಮೇಲೆ ಬರಿಯ ಯಂತ್ರದ ಹೊಳಪು ಸಾಲದೆಂದು ಅವರಿಗೆ ತೋರಿತು. ತವರಿನಲ್ಲಿ ಹಬ್ಬದ ಮುನ್ನಾದಿನ ಮಾಡುತ್ತಿದ್ದಂತೆ ಹುಣಸೆಹಣ್ಣು ಕಿವುಚಿ, ಆ ಹುಳಿಯಲ್ಲಿ ತೋಟಾಗಳನ್ನು ಬೆಳಗಿನವರೆಗೆ ನೆನೆಹಾಕಿದರು. ತೆಗೆದಾಗ ಅವು ಸಂಜೆಯ ಮುಗಿಲಿನಂತೆ ಕೆಂಪಗೆ ಮಿನುಗಿದವು. ಪೂಜೆ ಮುಗಿಸಿ, ತಟ್ಟೆಯಲ್ಲಿ ಹೂವಿನ ಜೊತೆ ಇಟ್ಟುಕೊಂಡು ಮಗಳೊಂದಿಗೆ ಗರಾಜಿಗೆ ನಡೆದರು.

ವಾಲ್ಟರ್ ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ನಳಿನಾಕ್ಷಿಗೆ ಮೆಲ್ಲಗೆ ವಿವರಿಸಿದರು. ಹುಳಿ ಹಿತ್ತಾಳೆಯೊಳಗಿನ ಸತುವನ್ನು ತಿಂದಿದೆ, ಈ ಕೆಂಪು ಉಳಿದ ತಾಮ್ರದ್ದು. ದಪ್ಪ ಪಾತ್ರೆಯಾಗಿದ್ದರೆ ತಡೆದುಕೊಳ್ಳುತ್ತಿತ್ತು, ತೋಟಾದ ಗೋಡೆ ತೆಳು. ಕೆನ್ನೆಯ ಪಕ್ಕದಲ್ಲಿ ಸಿಡಿಯುವ ವಸ್ತುವನ್ನು ಅನುಮಾನವಿಟ್ಟುಕೊಂಡು ಬಳಸಲಾಗದು. ಇಷ್ಟು ಹೇಳಿ, ನಿಮ್ಮ ತಾಯಿಗೆ ಇದನ್ನು ತಿಳಿಸುವುದು ಬೇಡ, ಚೆನ್ನಾಗಿದೆ ಎಂದುಬಿಡಿ, ಎಂದರು.

ನಳಿನಾಕ್ಷಿ ಬಾಯಿ ತೆರೆದಳು. ಈ ದೇಶದಲ್ಲಿ ತಾಯಿಗೆ ತನ್ನದೆಂದು ಇದ್ದ ಜಾಗ ಆ ಸ್ಟೂಲು ಒಂದೇ.

"ತುಂಬಾ ಚೆನ್ನಾಗಿದೆಯಂತೆ ಅಮ್ಮ."

ದೇವಮ್ಮನವರು ಮಗಳ ಮುಖವನ್ನೂ ವಾಲ್ಟರ್ ಮುಖವನ್ನೂ ನೋಡಿದರು. "ಕೆಟ್ಟೈತಾ? ನೆಟ್ಟಗೆ ಹೇಳು."

ಅವಳು ಹೇಳಿದಳು. ಒಂದು ಮಾತನ್ನೂ ಬಿಡದೆ ಹೇಳಿದಳು.

ತಾಯಿ ಬಕೀಟಿನಿಂದ ಬಣ್ಣಗೆಟ್ಟ ತೋಟಾ ಒಂದನ್ನು ತೆಗೆದು ಕೆಂಪನೆಯದರ ಪಕ್ಕ ಹಿಡಿದು ನೋಡಿದರು. ಗೋಡೆಯಲ್ಲಿದ್ದ ಇಕ್ಕಳವನ್ನು ಇಳಿಸಿಕೊಂಡು ತಟ್ಟೆಯಲ್ಲಿದ್ದ ಮೊದಲ ತೋಟಾವನ್ನು ಅದುಮಿ ಚಪ್ಪಟೆ ಮಾಡಿದರು.

"ಯಾರೂ ತಿಳೀದೆ ಇದ್ಕೆ ಮದ್ದು ತುಂಬ್ಕಬಾರ್ದು" ಎಂದರು.

ವಾಲ್ಟರ್ ಎರಡನೆಯದನ್ನು ಎತ್ತಿಕೊಟ್ಟರು. ಹೀಗೆ ಅವರು ಒಂದೊಂದಾಗಿ ಕೊಡುತ್ತ, ಇವರು ಅದುಮುತ್ತ, ತಟ್ಟೆ ಬರಿದಾಯಿತು. ಹೂವು ಮಾತ್ರ ಉಳಿಯಿತು. ತಾನು ಜೀವಮಾನದಲ್ಲಿ ಕಂಡ ಅತಿ ಚೆಲುವಾದ ಹಿತ್ತಾಳೆ ಅದನ್ನು ಬೆಳಗಿದ ಕೈಯಿಂದಲೇ ನಾಶವಾಗುವುದನ್ನು ನಳಿನಾಕ್ಷಿ ನೋಡಿದಳು.

ಆ ವಾರವೆಲ್ಲ ದೇವಮ್ಮನವರು ಬಕೀಟಿನ ತೋಟಾಗಳನ್ನು ಆರಿಸಿದರು. ತಳದಲ್ಲಿ ಒಂದೇ ಅಚ್ಚಿನ ಗುರುತಿದ್ದವುಗಳನ್ನು ಬೇರ್ಪಡಿಸಿ, ತೊಳೆದು, ಬಾಯಿಯ ಅಂಚನ್ನು ಉಗುರಿನಿಂದ ಮತ್ತೆ ಮತ್ತೆ ಸವರಿ, ಅನುಮಾನ ಬಂದದ್ದನ್ನು ಪಕ್ಕಕ್ಕೆಸೆದರು. ಹೊಳಪಿನ ಗೋಜಿಗೆ ಹೋಗಲಿಲ್ಲ.

ಭಾನುವಾರ ಅವಕ್ಕೇ ಮದ್ದು ತುಂಬಿಕೊಂಡು ಹೋದ ವಾಲ್ಟರ್ ಗೆಲ್ಲಲಿಲ್ಲ. ಸ್ಪರ್ಧೆಯ ನಂತರ ಕಾರನ್ನು ನೇರವಾಗಿ ಇವರ ಮನೆಯ ಮುಂದೆ ನಿಲ್ಲಿಸಿ, ಹಾರಿಸಿದ ತೋಟಾಗಳನ್ನೆಲ್ಲ ದೇವಮ್ಮನವರ ಮಡಿಲಿಗೆ ಸುರಿದರು. ಇನ್ನೂ ಮದ್ದಿನ ವಾಸನೆಯಿತ್ತು. ದೇವಮ್ಮನವರು ಒಂದೊಂದರ ಬಾಯಿಯನ್ನೂ ಸವರಿದರು. ಕೊನೆಯದನ್ನು ಇಟ್ಟು ತಲೆಯೆತ್ತಿದಾಗ ಕಣ್ಣು ತುಂಬಿತ್ತು.

"ಒಂದೂ ಸೀಳಿಲ್ಲ" ಎಂದರು.

ವಾಲ್ಟರ್ ಆಮೇಲೆ ಬಂದೂಕು ಮುಟ್ಟಲಿಲ್ಲ. ಕ್ಲಬ್ಬಿನ ಗೆಳೆಯರ ತೋಟಾಗಳು ಮಾತ್ರ ಆ ಗರಾಜಿಗೆ ಬರುತ್ತಲೇ ಇದ್ದವು, ದೇವಮ್ಮನವರು ಸ್ಟೂಲು ಬಿಟ್ಟಿದ್ದು ಹಾಸಿಗೆ ಹಿಡಿದ ಮೇಲೆಯೇ.

ಅವರು ಬಿಟ್ಟುಹೋದದ್ದು ಇಷ್ಟು: ತವರಿನಿಂದ ತಂದ ಒಂದು ಜೊತೆ ದೀಪದ ಕಂಬ, ಮಸಿ ಹಿಡಿದ ಹತ್ತಿಸೀರೆಯ ತುಂಡುಗಳು, ಡಬ್ಬಿಯಲ್ಲಿ ಅರ್ಧ ಉಳಿದ ಹುಣಸೆಹಣ್ಣು, ದೇವರ ಗೂಡಿನಲ್ಲಿ ಗಂಡನ ಭಾವಚಿತ್ರದ ಪಕ್ಕ ಅವರೇ ಇಟ್ಟಿದ್ದ ಒಂದು ಚಪ್ಪಟೆಯಾದ ಕೆಂಪು ತೋಟಾ, ಮತ್ತು ಬೇಲಿಯಾಚೆಯ ಗರಾಜಿನಲ್ಲಿ, ವಾಲ್ಟರ್ ಯಾರನ್ನೂ ಕೂರಲು ಬಿಡದ ಒಂದು ಸ್ಟೂಲು.