ಬಾಣಂತಿ ಮನೆಯ ಹಾಲು

ಬಾಣಂತಿಯ ಮನೆಗೆ ಹೋದವರು ಅಲ್ಲಿ ಕೊಟ್ಟ ಹಾಲನ್ನು ಬೇಡ ಅನ್ನಬಾರದು. ಹಾಗಂದರೆ ಆ ತಾಯಿಯ ಎದೆಹಾಲು ಬತ್ತುತ್ತದೆ. ಬೆಳಗಾವಿ ಕಡೆಯಿಂದ ಪುಣೆಗೆ ಬಂದ ರಂಗೂಬಾಯಿ ಈ ಮಾತನ್ನು ತನ್ನ ಅವ್ವನಿಂದ ಕಲಿತಿದ್ದಳು, ಎಣ್ಣೆ ಹಚ್ಚುವುದನ್ನು ಕಲಿತ ಹಾಗೆಯೇ. ಅಲ್ಲಿನ ವಾಕಡ ಬಡಾವಣೆಯ ಫ್ಲ್ಯಾಟುಗಳಲ್ಲಿ ಬಾಣಂತಿಯರಿಗೂ ಕೂಸುಗಳಿಗೂ ಎಣ್ಣೆ ಹಚ್ಚಿ ಎರೆಯುವುದು ಅವಳ ಕೆಲಸ. ಎದೆಹಾಲು ಹೆಚ್ಚಲೆಂದು ಬಾಣಂತಿಗೆ ಶತಾವರಿ ಪುಡಿ ಹಾಕಿ ಹಾಲು ಕಾಸಿದರೆ ಅವಳಿಗೂ ಒಂದು ಲೋಟ ಬರುತ್ತಿತ್ತು. ಎಷ್ಟು ಮನೆಯೋ ಅಷ್ಟು ಲೋಟ.

ಅವಳ ಗರ್ಭಚೀಲದಲ್ಲಿ ಒಂದು ಗಡ್ಡೆ ಇತ್ತು. ಕ್ಯಾನ್ಸರಿನದಲ್ಲ, ಸ್ನಾಯುವೇ ಗಂಟು ಕಟ್ಟಿದ್ದು. ಮುಟ್ಟು ನಿಲ್ಲುವ ವಯಸ್ಸು, ನಿಂತ ಮೇಲೆ ತಾನೇ ಮುದುಡೀತು, ಕಾಯೋಣ ಎಂದಿದ್ದರು ಪುಣೆಯಲ್ಲೇ ಇದ್ದ ಧಾರವಾಡ ಮೂಲದ ಡಾಕ್ಟರ್ ಮಂಜರಿ. ಆದರೆ ಈ ಸಲದ ಸ್ಕ್ಯಾನಿನಲ್ಲಿ ನಿಂಬೆಹಣ್ಣಿನಷ್ಟಿದ್ದದ್ದು ಮೋಸಂಬಿಯಷ್ಟಾಗಿತ್ತು. ಏನೇನು ತಿನ್ನುತ್ತೀ, ಕುಡಿಯುತ್ತೀ ಎಂದು ವಿಚಾರಿಸಿದ ಡಾಕ್ಟರು ಹಾಲಿನ ಕಥೆ ಕೇಳಿ ತಿಳಿಸಿ ಹೇಳಿದರು: ಗರ್ಭಚೀಲದ ಸ್ನಾಯುವಿನ ಒಂದೊಂದು ಜೀವಕೋಶಕ್ಕೂ ಬಾಗಿಲಿರುತ್ತದೆ. ಮೈಯೊಳಗಿನ ಹಾರ್ಮೋನು ಬಂದು ಕದ ಬಡಿದರೆ, ಬೆಳೆ ಎಂದು ಅಪ್ಪಣೆಯಾದಂತೆ. ಕೆಲವು ಗಿಡಗಳ ಸತ್ವವೂ ಹಾಗೇ ಕದ ಬಡಿಯಬಲ್ಲದು. ಶತಾವರಿಯ ಮೇಲೂ ಆ ಅನುಮಾನವಿದೆ.

“ಅದರಿಂದನ ಬೆಳದದ ಅಂತ ನಾ ಹೇಳಂಗಿಲ್ಲರೀ. ಯಾರಿಗೂ ಖಾತ್ರಿ ಇಲ್ಲ. ಬಿಟ್ಟು ನೋಡೋಣ. ಇನ್ನೂ ಬೆಳೀತಂದ್ರ ಚೀಲಾನ ತಗೀಬೇಕಾಗ್ತದ.”

ಬಿಡುವುದೆಂದರೆ ಕಾರಣ ಹೇಳಬೇಕು. ಚೀಲ ಕೆಟ್ಟವಳ ಕೈಗೆ ಹಸುಗೂಸನ್ನು ಯಾರು ಕೊಟ್ಟಾರು? ಒಂದು ಮನೆಯಲ್ಲಿ ಗೊತ್ತಾದರೆ ಲಿಫ್ಟ್ ಇಳಿಯುವುದರೊಳಗೆ ಇಡೀ ಕಟ್ಟಡಕ್ಕೆ ಗೊತ್ತು. ಮರುದಿನ ಬಾಣಂತಿ ನಿಖಿತಾಳ ಮನೆಯಲ್ಲಿ ಲೋಟವನ್ನು ಬಚ್ಚಲಿಗೆ ಒಯ್ದು, ನಲ್ಲಿ ತಿರುಗಿಸಿ, ಸದ್ದಾಗದಂತೆ ಚೆಲ್ಲಿದಳು. ಬಿಳಿ ಹಾಲು ಜಾಲರಿಯಲ್ಲಿ ಇಳಿದುಹೋಗುವಾಗ ಅವ್ವನ ಮಾತು ನೆನಪಾಯಿತು.

ಅದರ ಮರುದಿನ ಬಾಗಿಲು ತೆರೆಯುವ ಮೊದಲೇ ಕೂಸಿನ ಅಳು ಕೇಳಿಸಿತು. ನಿಖಿತಾಗೆ ಬೆಳಗಿನಿಂದ ಹಾಲೇ ಸಾಲುತ್ತಿಲ್ಲ ಎಂದಳು, ಬಾಣಂತನಕ್ಕೆಂದು ಮೈಸೂರಿನಿಂದ ಬಂದಿದ್ದ ಅವಳ ತಾಯಿ ಕಮಲಮ್ಮ. ಹಾಗೆನ್ನುತ್ತಲೇ ಶತಾವರಿ ಹಾಲಿನ ಲೋಟ ಮುಂದಿಟ್ಟಳು. ರಂಗೂಬಾಯಿ ಲೋಟ ಮುಟ್ಟಲಿಲ್ಲ.

“ನಿನ್ನೆ ನಿಮ್ಮ ಹಾಲು ನಾ ಬಚ್ಚಲಕ್ಕ ಚೆಲ್ಲೀನ್ರೀ,” ಅಂದಳು. “ನನ್ನ ಗರ್ಭಚೀಲದಾಗ ಗಡ್ಡಿ ಅದ. ಈ ಪುಡಿ ಕುಡೀಬ್ಯಾಡ ಅಂದಾರ. ನಾಳಿಂದ ಬರಬ್ಯಾಡ ಅಂದ್ರ ಬರಂಗಿಲ್ಲ.”

ಕಮಲಮ್ಮ ಲೋಟ ಎತ್ತಿಕೊಂಡು ಒಳಗೆ ಹೋದಳು. ಅಡುಗೆಮನೆಯಲ್ಲಿ ಪಾತ್ರೆ ಸದ್ದಾಯಿತು. ರಂಗೂಬಾಯಿ ಎಣ್ಣೆ ಬಟ್ಟಲನ್ನು ನೋಡುತ್ತ ನಿಂತಳು. ಚಪ್ಪಲಿ ಮೆಟ್ಟಬೇಕೋ, ಕಾಯಬೇಕೋ ತಿಳಿಯಲಿಲ್ಲ.

ಕಮಲಮ್ಮ ಬೇರೆ ಲೋಟ ಹಿಡಿದು ಬಂದಳು. “ಇದು ಬರೀ ಹಾಲು. ಇಷ್ಟು ಕುಡೀಬಹುದು ತಾನೇ? ನಮ್ಮ ನಿಖಿತಾ ರಾತ್ರಿಯೆಲ್ಲಾ ಕಣ್ಣು ಮುಚ್ಚಿಲ್ಲ, ಹಾಲೆಲ್ಲಿಂದ ಬರಬೇಕು. ನೀವು ಬಚ್ಚಲಿಗೆ ಚೆಲ್ಲಿದ್ದಕ್ಕೂ ಅದಕ್ಕೂ ಏನ್ ಸಂಬಂಧ?”

ನಿಖಿತಾ ಕೂಸನ್ನು ನೀಡಿದಳು. ರಂಗೂಬಾಯಿ ಹಾಲು ಕುಡಿದು, ಕಾಲು ಚಾಚಿ ಕುಳಿತು, ಕೂಸನ್ನು ಮೊಣಕಾಲ ಮೇಲೆ ಮಲಗಿಸಿಕೊಂಡಳು. ಅಂಗೈಗೆ ಎಣ್ಣೆ ಸುರಿದುಕೊಂಡಳು. ಎಣ್ಣೆ ತಾಗಿದ್ದೇ ಕೂಸು ಅಳು ನಿಲ್ಲಿಸಿ ಜೋರಾಗಿ ಒದೆಯಿತು. ಪುಟ್ಟ ಹಿಮ್ಮಡಿ ಅವಳ ಕಿಬ್ಬೊಟ್ಟೆಗೇ ಬಡಿಯಿತು. ಮುಂದಿನ ಸ್ಕ್ಯಾನಿಗೆ ಇನ್ನೂ ಮೂರು ತಿಂಗಳಿತ್ತು. ಅವಳು ಕೂಸಿನ ಪಾದ ಹಿಡಿದು, ಮೆಲ್ಲಗೆ ತಿಕ್ಕತೊಡಗಿದಳು.