ಅತ್ತೆಯ ದೋಣಿಗೆ ಒಂದು ಇಂಜಿನ್ನೇ, ಎರಡೇ?

ಅತ್ತೆಯ ಹೊಸ ಫೈಬರ್ ದೋಣಿಗೆ ಒಂದು ಇಂಜಿನ್ ಸಾಕೇ, ಎರಡು ಬೇಕೇ ಎಂಬ ಚರ್ಚೆ ನಮ್ಮ ಮನೆಯಲ್ಲಿ ನಾಲ್ಕು ಭಾನುವಾರ ನಡೆಯಿತು. ನಾಲ್ಕೂ ಸಲ ನಾನು ಚನ್ನರಾಯಪಟ್ಟಣದಿಂದ ಬಸ್ಸು ಹತ್ತಿ ಗೊರೂರಿಗೆ ಬಂದಿದ್ದೆ. ಮೊದಲ ಮೂರು ಭಾನುವಾರಗಳ ಮುಂದೆ ಡೈರಿಯಲ್ಲಿ ಒಂದೇ ಸಾಲಿದೆ: ‘ತೀರ್ಮಾನವಿಲ್ಲ, ಮೀನು ಸಾರು ಚೆನ್ನಾಗಿತ್ತು.’

ಅತ್ತೆ ಎಂದರೆ ಅಪ್ಪನ ಅಕ್ಕ. ಹೇಮಾವತಿ ಹಿನ್ನೀರಿನಲ್ಲಿ ತೆಪ್ಪದ ಮೇಲೆ ಹೋಗಿ ಬಲೆ ಬಿಡುವುದು ಅವರ ಕೆಲಸ. ಹೋದ ಮಳೆಗಾಲದಲ್ಲಿ ಬಲಭುಜ ಹಿಡಿದುಕೊಂಡಿತು. ಇನ್ನು ಹುಟ್ಟು ಹಾಕಬೇಡಿ ಎಂದು ಹಾಸನದ ಡಾಕ್ಟರು ಹೇಳಿದ ಮೇಲೆ ಅಪ್ಪ ಒಂದು ದಿನ, ಚಿಕ್ಕಪ್ಪ ಒಂದು ದಿನ ಜೊತೆಗೆ ಹೋಗತೊಡಗಿದರು. ಅತ್ತೆಗೆ ಆಗದಿದ್ದದ್ದು ಅದೇ. ನೀರಿನ ಮೇಲೆ ಅವರಿಗೆ ಒಬ್ಬರೇ ಇರಬೇಕು.

“ಇವರಿಬ್ರೂ ಬಾಯಿ ಮುಚ್ಚಕ್ಕಿಲ್ಲ ಕಣ್ ಮಗ. ಮೀನೆಲ್ಲ ಎದ್ರುಕೊಂಡು ಅರಕಲಗೂಡಿಗೆ ಓಯ್ತವೆ,” ಎಂದು ನನ್ನ ಹತ್ತಿರ ದೂರಿದರು. ದೋಣಿ, ಇಂಜಿನ್ ಎಲ್ಲವೂ ಮತ್ತೆ ಒಬ್ಬರೇ ಹೋಗುವುದಕ್ಕಾಗಿ.

ಆದರೆ ಅಪ್ಪ ಎರಡು ಸಣ್ಣ ಇಂಜಿನ್ನೇ ಬೇಕೆಂದು ಹಟ ಹಿಡಿದರು. “ನಡು ನೀರಲ್ಲಿ ಒಂದು ನಿಂತೋದ್ರೆ ಇನ್ನೊಂದು ಎಳ್ಕೊಂಡು ಬತ್ತದೆ. ಒಂಟಿ ಎತ್ತು ಕಟ್ಕೊಂಡು ಯಾರಾದ್ರೂ ಒಲ ಉಳ್ತಾರಾ?”

“ಸಂಜೆ ಬಿಚ್ಚಿ ಮನೆಗೆ ತರ್ಬೇಕಲ್ಲ! ಎರಡು ತರಕ್ಕೆ ದಿನಾ ನೀವೇ ಬಂದು ನಿಂತ್ಕೋತೀರಿ. ಆಮೇಲೆ ನಾನು ಒಬ್ಳೇ ಓಗದೆಂಗ್ಲಾ?” ಎಂದು ಅತ್ತೆ ರೇಗಿದರು.

ನಾನು ಹಾಳೆಯ ನಡುವೆ ಗೆರೆ ಎಳೆದು ಇಬ್ಬರ ವಾದವನ್ನೂ ಲೆಕ್ಕ ಹಾಕಿದೆ. ಅಪ್ಪನ ಕಡೆಗೇ ಹೆಚ್ಚು ಗುರುತು ಬಿದ್ದವು. ಅತ್ತೆ ಆ ದಿನ ನನಗೆ ಬಡಿಸಿದ್ದು ಮೀನಿನ ಬಾಲದ ತುಂಡು.

ನಾಲ್ಕನೆಯ ಭಾನುವಾರ ಚಿಕ್ಕಪ್ಪ ಪರಿಚಯದವರಿಂದ ಎರಡು ಇಂಜಿನ್ ಕೇಳಿ ತಂದರು. ಅಪ್ಪ ಅವನ್ನು ದೋಣಿಯ ಹಿಂದೆ ಅಕ್ಕಪಕ್ಕ ಕೂರಿಸಿದರು. ಎಡಗಡೆಯ ಹಿಡಿ ಅಪ್ಪನ ಕೈಯಲ್ಲಿ, ಬಲಗಡೆಯದು ಚಿಕ್ಕಪ್ಪನ ಕೈಯಲ್ಲಿ. ಅತ್ತೆ ಮುಂದೆ ಕೂತರು, ನಾನು ನಡುವೆ. ಅಪ್ಪ ಒಂದು ಕಡೆಗೆ ತಿರುಗಿಸಿದರೆ ಚಿಕ್ಕಪ್ಪ ಇನ್ನೊಂದು ಕಡೆಗೆ ತಿರುಗಿಸಿದರು. ದೋಣಿ ಇದ್ದಲ್ಲೇ ಸುತ್ತಿತು. ಸುಧಾರಿಸಿಕೊಂಡು ನೇರ ಹೋದಾಗ ಮಾತ್ರ ಬಲು ಸೊಗಸು. ನೀರುಕಾಗೆಗಳು ಸಾಲಾಗಿ ಎದ್ದವು, ನನ್ನ ದುಪಟ್ಟಾ ಪಟಪಟ ಹಾರಿತು.

ಸುತ್ತು ಮುಗಿಸಿ ದಡದತ್ತ ಬರುವಾಗ ಎಡಗಡೆಯ ಇಂಜಿನ್ ಕೆಮ್ಮಿ ನಿಂತಿತು. “ನೋಡಿದ್ಯಾ? ಇನ್ನೊಂದೈತೆ,” ಎಂದು ಅಪ್ಪ ಹೇಳುತ್ತಿದ್ದಂತೆ ಅದೂ ನಿಂತಿತು. ಎರಡರ ಪೈಪೂ ಹೋಗಿ ಸೇರಿದ್ದು ಒಂದೇ ಪೆಟ್ರೋಲ್ ಕ್ಯಾನಿಗೆ. ಕ್ಯಾನ್ ಖಾಲಿ.

“ಒಂದೇ ಕ್ಯಾನ್ ಯಾಕ್ಲಾ ಇಟ್ಟೆ?” ಎಂದು ಅತ್ತೆ ಕೇಳಿದರು.

ಅಪ್ಪ ತಲೆ ಕೆರೆದುಕೊಂಡರು. “ಜೋಡಿ ಎತ್ತಿಗೆ ಒಂದೇ ಬಾನೀಲಿ ತಾನೇ ನೀರಿಡದು ಅಕ್ಕ…”

ಅಲ್ಲಿ ಸೊಂಟದಷ್ಟೇ ನೀರು. ಅಣ್ಣತಮ್ಮಂದಿರು ಲುಂಗಿ ಎತ್ತಿ ಕಟ್ಟಿ ಇಳಿದು, ಹಗ್ಗ ಹಿಡಿದು ದೋಣಿಯನ್ನು ಎಳೆದರು. ಅತ್ತೆ ಕೂತಲ್ಲಿಂದಲೇ ಎತ್ತು ಹೊಡೆದಂತೆ ಕೂಗಿದರು: “ಈಗ ಸರ್ಯಾಗೈತೆ ಜೋಡಿ! ಒಯ್, ಎಡಗಡೇದು ಸೋಮಾರಿ!” ನಗು ತಡೆಯಲಾಗದೆ ಚಿಕ್ಕಪ್ಪ ಒಮ್ಮೆ ನೀರಿಗೇ ಕೂತುಬಿಟ್ಟರು.

ದಡ ಮುಟ್ಟಿದ ಮೇಲೆ ಅತ್ತೆ ಒಂದು ಇಂಜಿನ್ ಬಿಚ್ಚಿ ಎಡಭುಜಕ್ಕೆ ಏರಿಸಿಕೊಂಡರು. ಬೇಸಿಗೆಯಲ್ಲಿ ನೀರು ಹಿಂದೆ ಸರಿದು ಮನೆ ದೂರವಾಗಿರುತ್ತದೆ. ಏರು ಹತ್ತಿ, ಎಲ್ಲೂ ಇಳಿಸದೆ, ಜಗಲಿಯ ಮೇಲೆ ಇಟ್ಟರು.

“ಇದೊಂದೇ ಸಾಕು.”

“ನಿಂತೋದ್ರೆ?” ಅಪ್ಪನ ಲುಂಗಿಯಿಂದ ಇನ್ನೂ ನೀರು ಸೋರುತ್ತಿತ್ತು.

“ಇನ್ನೊಂದು ಕ್ಯಾನ್ ಇಟ್ಕೋತೀನಿ. ಫೋನ್ ಇಟ್ಕೋತೀನಿ. ನಿಂತ್ರೆ ಕೂಗ್ತೀನಿ, ಎತ್ಗಳು ಬರ್ಲಿ.”

ಅಪ್ಪ ಲುಂಗಿಯ ಅಂಚು ಹಿಂಡಿಕೊಂಡು, “ಲೈಫ್ ಜಾಕೆಟ್ ಆಕ್ಕೋಬೇಕು,” ಎಂದರು. ತೀರ್ಮಾನವಾದದ್ದು ಹಾಗೆ.

ಅತ್ತೆಯದೇ ಹೊಸ ಇಂಜಿನ್ ಬಂದ ಮೇಲಿನ ಮೊದಲ ಭಾನುವಾರ ಅವರು ಒಬ್ಬರೇ ಹೋದರು. ಅಪ್ಪ ದಡದಲ್ಲಿ ಕೂರಲಿಲ್ಲ, ನಿಂತೇ ಇದ್ದರು. ಬಿಸಿಲೇರುವ ಹೊತ್ತಿಗೆ ಕಿತ್ತಳೆ ಬಣ್ಣದ ಜಾಕೆಟ್ ಕಾಣಿಸಿತು. ದೋಣಿ ಹತ್ತಿರ ಬಂತು, ಬುಟ್ಟಿಯಲ್ಲಿ ಮೀನು ಮಿಂಚುತ್ತಿದ್ದವು. ಅಪ್ಪ ಹಗ್ಗ ಹಿಡಿಯಲು ಕೈ ಚಾಚಿದರು. ಅತ್ತೆ ಹಗ್ಗ ಎಸೆಯಲಿಲ್ಲ. ಹಿಡಿ ತಿರುಗಿಸಿ ಮತ್ತೆ ನೀರಿನತ್ತ ಹೊರಟರು.

“ಬಲೆ ಎತ್ತಿ ಆಯ್ತಲ್ಲಕ್ಕಾ! ಎಲ್ಲಿಗೆ ಮತ್ತೆ?” ಎಂದು ಅಪ್ಪ ಕೂಗಿದರು.

“ಸುಮ್ಕೆ!”